ಮನೆಯಿಲಿಗಳ ನಿವಾರಣೆ

ಇಲಿಯ ಕಾಟ ಹೆಚ್ಚಿತೆಂದರೆ ಬೋನನ್ನು ಹೂಡುವುದು, ಒಂದೆರಡು ಇಲಿಗಳು ಬಿದ್ದೊಡನೆ ಸಮಾಧಾನಪಟ್ಟು ಬೋನನ್ನು ಅಟ್ಟಕ್ಕೇರಿಸುವುದು, ಎರಡು ತಿಂಗಳು ಕಳೆದ ಮೇಲೆ ಮತ್ತೆ ಅದನ್ನು ಕೆಳಗಿಳಿಸುವುದು, ಇದು ನಮ್ಮ ಮನೆಗಳಲ್ಲಿ ನಡೆದುಬಂದಿರುವ ವಾಡಿಕೆ. ಎಷ್ಟು ಹಿಡಿದರೂ ಇಲಿಗಳೇಕೆ ಮುಗಿಯುವುದಿಲ್ಲ? ಉತ್ತರ ಬೇಕಾದರೆ ಆ ಪ್ರಾಣಿಯ ಜೀವನಕ್ರಮವನ್ನು ಸ್ವಲ್ಪಮಟ್ಟಿಗಾದರೂ ತಿಳಿಯಬೇಕು.

ಮೊದಲು, ಮನೆಯಲ್ಲಿ ಸೇರಿಕೊಂಡಿರುವುದು ಯಾವುದೆಂಬುದನ್ನು ಗೊತ್ತುಮಾಡಿಕೊಳ್ಳೋಣ. ನೆಲವನ್ನು ತೋಡಿ ಮಣ್ಣು ಗುಡ್ಡೆಹಾಕುವುದು ಹೆಗ್ಗಣ. ತೊಲೆಗಳ ಮೇಲೂ ಹೆಂಚಿನ ಸಂದುಗಳಲ್ಲೂ ಓಡಾಡುವ ಉದ್ದಬಾಲದ ದೊಡ್ಡ ಇಲಿ ಬೇರೊಂದು ಜಾತಿ. 1898ರಲ್ಲಿ ಬೆಂಗಳೂರನ್ನು ನಡುಗಿಸಿದ ಪ್ಲೇಗಿನಂತಹ ಮಾರಿಯ ಕಾಲದಲ್ಲಿ ಸೂರಿನಿಂದ ಸತ್ತು ಬೀಳುತ್ತಿದ್ದುದು ಇದೇ. ಗೋಡೆಯ ಬುಡದಲ್ಲಿ ಕಿಚಕಿಚ ಸದ್ದುಮಾಡುತ್ತ ಸಾಗುವ, ಕಟುವಾಸನೆಯ ಮೂಗಿಲಿ ಹೆಸರಿಗೆ ಮಾತ್ರ ಇಲಿ. ಅದು ಇಲಿಗಳ ಗಣಕ್ಕೆ ಸೇರಿದುದಲ್ಲ; ಕೀಟಗಳೇ ಅದರ ಮುಖ್ಯ ಆಹಾರ. ಅದನ್ನು ಅಟ್ಟಿಸಿಕೊಂಡು ಹೋಗಿ ಕೊಲ್ಲುವವರು ಜಿರಳೆಗಳಿಗೆ ಉಪಕಾರ ಮಾಡುತ್ತಾರೆಂದೇ ನಮ್ಮ ಅಭಿಪ್ರಾಯ. ಇಲ್ಲಿ ನಾವು ಹೇಳಹೊರಟಿರುವುದು ಇವೆಲ್ಲಕ್ಕಿಂತ ಚಿಕ್ಕದಾದ, 12ರಿಂದ 30 ಗ್ರಾಂ ತೂಗುವ ಮನೆಯಿಲಿಯ ವಿಷಯವನ್ನು. ಕಪಾಟಿನ ಮೂಲೆಯಲ್ಲಿ ಜೀರಿಗೆಯ ಗಾತ್ರದ ಕಪ್ಪು ಹಿಕ್ಕೆಗಳು ಕಂಡರೆ ಅದು ಬಂದಿದೆಯೆಂದೇ ತಿಳಿಯಬೇಕು.

ಮನುಷ್ಯನೊಡನೆ ಇದರ ಸಹವಾಸ ಬಹಳ ಹಳೆಯದು. ಜೋರ್ಡಾನ್ ಕಣಿವೆಯ ಸುತ್ತಿನ ಪ್ರದೇಶದಲ್ಲಿ, ಬೇಸಾಯ ಹುಟ್ಟುವುದಕ್ಕೂ ಮುಂಚೆ, ಸುಮಾರು 15,000 ವರ್ಷಗಳ ಹಿಂದೆ ಜನರು ನೆಲೆನಿಂತಿದ್ದ ಎಡೆಗಳಲ್ಲಿ ಇದರ ಹಲ್ಲುಗಳು ದೊರೆತಿವೆ. ಮನುಷ್ಯ ಒಂದು ಕಡೆ ನಿಂತನೋ ಇಲ್ಲವೋ ಇಲಿ ಅವನ ಮನೆಯನ್ನು ಹೊಕ್ಕಿತು. ಮೂಷಿಕ ಶಬ್ದವನ್ನು ಕದಿಯುವುದೆಂಬ ಅರ್ಥದ ಧಾತುವಿನಿಂದ ಸಾಧಿಸುವ ವೈಯಾಕರಣರು ಈ ಪ್ರಾಣಿಯ ಸ್ವಭಾವವನ್ನು ಚೆನ್ನಾಗಿಯೇ ಅರಿತಿದ್ದರು.

ಹೆಣ್ಣಿಲಿಯ ಗರ್ಭಧಾರಣೆಯ ಅವಧಿ ಸುಮಾರು 20 ದಿನಗಳು ಮಾತ್ರ. ಒಂದು ಸೂಲಿಗೆ ಸಾಮಾನ್ಯವಾಗಿ ಐದಾರು ಮರಿಗಳು. ಆ ಮರಿಗಳು ಆರೇಳು ವಾರಗಳಲ್ಲಿ ತಾವೇ ಮರಿಹಾಕಲು ಸಿದ್ಧವಾಗುತ್ತವೆ. ಆಹಾರ ಸಮೃದ್ಧಿಯಾಗಿದ್ದರೆ ವರ್ಷಕ್ಕೆ ಐದು ಸೂಲಿಗೂ ಮಿಕ್ಕುವುದುಂಟು. ವಾರಕ್ಕೊಂದು ಇಲಿಯನ್ನು ಹಿಡಿದು ತೃಪ್ತರಾಗುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು. ಇಂತಹ ಸಂತತಿಗೆ ತಡೆಯಾಗಿರುವುದು ನಮ್ಮ ಬೋನಲ್ಲ, ತಿನ್ನಲು ದೊರೆಯುವ ಕಾಳು ಮತ್ತು ಅಡಗಲು ದೊರೆಯುವ ಸ್ಥಳ.

1940ರ ದಶಕದಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಡೇವಿಡ್ ಡೇವಿಸ್ ಮತ್ತು ಅವರ ಸಂಗಡಿಗರು ಈ ವಿಷಯವನ್ನು ಬೀದಿಬೀದಿಗಳಲ್ಲಿಯೇ ಪರೀಕ್ಷಿಸಿದರು. ಅವರು ನೋಡಿದುದು ದೊಡ್ಡ ಜಾತಿಯ ಕಂದು ಇಲಿಗಳನ್ನು. ಆದರೂ ಪಾಠ ನಮಗೆ ಅನ್ವಯಿಸುತ್ತದೆ. ಇಲಿಗಳನ್ನು ಹಿಡಿದೋ ವಿಷವಿಟ್ಟೋ ಕಡಿಮೆಮಾಡಿದ ಕಡೆಗಳಲ್ಲಿ, ಕೆಲವು ತಿಂಗಳು ಕಳೆಯುತ್ತಲೂ ಸಂಖ್ಯೆ ಹಿಂದಿನ ಮಟ್ಟಕ್ಕೆ ಏರುತ್ತಿತ್ತು. ಉಳಿದ ಇಲಿಗಳಿಗೆ ಆಹಾರವೂ ಗೂಡೂ ಧಾರಾಳವಾಗಿ ದೊರೆತುದೇ ಇದಕ್ಕೆ ಕಾರಣ. ಕಸವನ್ನು ಮುಚ್ಚಿಟ್ಟು ಮನೆಗಳನ್ನು ದುರಸ್ತಿಮಾಡಿದ ಕಡೆ ಮಾತ್ರ ಅವುಗಳ ಸಂಖ್ಯೆ ತಗ್ಗಿ, ತಗ್ಗಿದ ಮಟ್ಟದಲ್ಲೇ ನಿಂತಿತು.

ಆದುದರಿಂದ ಕೆಲಸ ಪ್ರಾರಂಭವಾಗಬೇಕಾದುದು ಅಡಿಗೆಮನೆಯಲ್ಲಿ. ಮನೆಯಿಲಿ ದಿನಕ್ಕೆ ತಿನ್ನುವುದು ಸುಮಾರು 3 ಗ್ರಾಂ. ಒಲೆಯ ಹಿಂದೆ ಚೆಲ್ಲಿದ ಅಕ್ಕಿಕಾಳುಗಳೇ ಅದಕ್ಕೆ ಭೋಜನ. ಕಾಳುಕಡ್ಡಿಗಳಲ್ಲಿರುವ ತೇವದಿಂದಲೇ ಬಹುಮಟ್ಟಿಗೆ ಕಾಲಹಾಕಬಲ್ಲ ಪ್ರಾಣಿಯಾದುದರಿಂದ ನೀರನ್ನು ತಪ್ಪಿಸಿ ಅದನ್ನು ಓಡಿಸುವ ಆಸೆ ಬೇಡ. ಗೋಣಿಚೀಲ, ಪ್ಲಾಸ್ಟಿಕ್ ಚೀಲಗಳು ಅದರ ಹಲ್ಲಿಗೆ ಲೆಕ್ಕಕ್ಕಿಲ್ಲ. ಬಾಚಿಹಲ್ಲುಗಳು ಜೀವವಿರುವವರೆಗೂ ಬೆಳೆಯುತ್ತಲೇ ಇರುತ್ತವೆ, ಕಡಿಯುತ್ತಲೇ ಸವೆಯುತ್ತವೆ. ಧಾನ್ಯವನ್ನು ಬಿಗಿಯಾದ ಮುಚ್ಚಳವುಳ್ಳ ತಗಡಿನ ಡಬ್ಬಗಳಲ್ಲಿಡಬೇಕು. ರಾತ್ರಿ ಮುಸುರೆಪಾತ್ರೆಗಳನ್ನು ಹಾಗೆಯೇ ಬಿಡಬಾರದು.

ಆಮೇಲೆ ಕಿಂಡಿಗಳನ್ನು ಹುಡುಕಬೇಕು. ಪೆನ್ಸಿಲು ತೂರುವಷ್ಟು, ಎಂದರೆ 6 ಮಿಲಿಮೀಟರಿನಷ್ಟು ಸಂದು ಅದಕ್ಕೆ ಹೆಬ್ಬಾಗಿಲು. ಬಚ್ಚಲಿನ ತೂಬು, ಬಾಗಿಲಿನ ಅಡಿ, ಕೊಳವೆ ಮತ್ತು ವಿದ್ಯುತ್ ತಂತಿಗಳು ಗೋಡೆಯನ್ನು ಹೊಗುವ ಕಡೆಗಳು ಮುಖ್ಯವಾದವು. ಬಟ್ಟೆ ತುರುಕಿದರೆ ಅದು ಇಲಿಗೆ ಗೂಡಿನ ಸಾಮಗ್ರಿಯಾಗುತ್ತದೆ. ಪಾತ್ರೆ ಉಜ್ಜುವ ಉಕ್ಕಿನ ನಾರನ್ನು ಒತ್ತಿ ತುಂಬಿ, ಮೇಲೆ ಸಿಮೆಂಟು ಮೆತ್ತುವುದು ಸರಿಯಾದ ಕ್ರಮ. ತೂಬಿಗೆ ಸಣ್ಣ ಕಣ್ಣಿನ ತಂತಿಜಾಲರಿ ಸಾಕು.

ಇಷ್ಟಾದ ಮೇಲೆ ಒಳಗೆ ಉಳಿದವುಗಳಿಗಾಗಿ ಬೋನು. ಮನೆಯಿಲಿ ತನ್ನ ಗೂಡಿನಿಂದ ಸಾಮಾನ್ಯವಾಗಿ ಹತ್ತು ಮೀಟರಿನಾಚೆ ಹೋಗುವುದಿಲ್ಲ. ಗೋಡೆಗೆ ಮೈ ತಾಗಿಸಿಕೊಂಡೇ ಓಡಾಡುತ್ತದೆ. ಕೋಣೆಯ ನಡುವೆ ಇಟ್ಟ ಬೋನಿಗೆ ಅದು ಬೀಳದಿದ್ದರೆ ತಪ್ಪು ಇಲಿಯದಲ್ಲ. ಐದಾರು ಬೋನುಗಳನ್ನು ಒಂದೇ ರಾತ್ರಿ, ಗೋಡೆಯ ಬುಡದಲ್ಲಿ, ಎರಡು ಮೂರು ಮೀಟರುಗಳಿಗೊಂದರಂತೆ ಇಡಬೇಕು. ಸುಟ್ಟ ಕೊಬ್ಬರಿಯ ಚೂರೋ ಕಡಲೆಕಾಯಿ ಬೀಜವೋ ಸಾಕು. ದಾರದಿಂದ ಕಟ್ಟಿದರೆ ಕದ್ದೊಯ್ಯಲಾರದು. ದೊಡ್ಡ ಇಲಿ ಹೊಸ ವಸ್ತುವನ್ನು ಕಂಡು ದಿನಗಟ್ಟಲೆ ಸಂಶಯಪಡುತ್ತದೆ. ಮನೆಯಿಲಿಗಾದರೋ ಕುತೂಹಲ ಹೆಚ್ಚು. ಆದುದರಿಂದ ಮೊದಲ ಎರಡು ಮೂರು ರಾತ್ರಿಗಳಲ್ಲೇ ಬಹುಪಾಲು ಸಿಕ್ಕಿಬೀಳುತ್ತವೆ. ಅಂಟಿನ ಹಲಗೆಯಲ್ಲಿ ಸಿಕ್ಕಿದ ಪ್ರಾಣಿ ಗಂಟೆಗಟ್ಟಲೆ ನರಳಿ ಸಾಯುತ್ತದೆ. ಅದನ್ನು ನಾವು ಮೆಚ್ಚುವುದಿಲ್ಲ. ಕಿವಿಗೆ ಕೇಳಿಸದ ಶಬ್ದದಿಂದ ಇಲಿಯನ್ನು ಓಡಿಸುವುದೆಂದು ಮಾರುವ ಯಂತ್ರಗಳಿಗೆ ಇಲಿಗಳು ಬೇಗನೆ ಒಗ್ಗಿಹೋಗುತ್ತವೆ.

ಇನ್ನು ವಿಷದ ಮಾತು. ಮನೆಯಿಲಿ ಒಂದೇ ಕಡೆ ಹೊಟ್ಟೆ ತುಂಬ ತಿನ್ನದೆ ರಾತ್ರಿಯೆಲ್ಲ ಹಲವೆಡೆ ಚೂರುಚೂರು ಕಚ್ಚುವ ಪ್ರಾಣಿ. ಎಷ್ಟೋ ವೇಳೆ ಸಾಯುವಷ್ಟು ವಿಷ ಅದರ ಹೊಟ್ಟೆ ಸೇರುವುದಿಲ್ಲ. ಸತ್ತರೂ ಕೈಗೆಟುಕದ ಸಂದಿನಲ್ಲಿ ಸತ್ತು ನಾರುತ್ತದೆ. ಇದಕ್ಕಿಂತ ದೊಡ್ಡ ಭಯ ಬೇರೆ ಇದೆ. ಸತುವಿನ ಫಾಸ್ಫೈಡ್ ಜಠರದ ಆಮ್ಲದೊಡನೆ ಕೂಡಿ ಫಾಸ್ಫೀನ್ ಎಂಬ ಮಾರಕ ಅನಿಲವನ್ನು ಬಿಡುತ್ತದೆ. ಜಠರ ಇಲಿಯದಾದರೂ ಒಂದೇ, ಮಗುವಿನದಾದರೂ ಒಂದೇ. ಹಳದಿ ರಂಜಕದ ಲೇಪ ಇನ್ನೂ ವಂಚಕ. ಅದನ್ನು ತಿಂದ ಮಗು ಒಂದೆರಡು ದಿನ ಚೇತರಿಸಿದಂತೆಯೇ ಕಾಣಬಹುದು. ಅಷ್ಟರಲ್ಲಿ ಒಳಗೆ ಪಿತ್ತಜನಕಾಂಗ ಹಾಳಾಗುತ್ತಿರುತ್ತದೆ. ಈ ಎರಡಕ್ಕೂ ನಿರ್ದಿಷ್ಟವಾದ ಪ್ರತಿವಿಷವಿಲ್ಲ. ಉಗ್ರಾಣಗಳಲ್ಲಿ ಧಾನ್ಯಕ್ಕೆ ಹೊಗೆಯಿಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಗಳನ್ನಂತೂ ಜನರು ಮಲಗುವ ಮನೆಯೊಳಕ್ಕೆ ತರಲೇಬಾರದು. ರಕ್ತ ಹೆಪ್ಪುಗಟ್ಟದಂತೆ ಮಾಡುವ ವಾರ್ಫರಿನ್ ಮತ್ತು ಅದರ ಬಳಗದ ಔಷಧಗಳಿಗೆ ಕೆ ಜೀವಸತ್ವ ಪ್ರತಿವಿಷವಾಗಿದೆ. ಆದರೆ ವಾರ್ಫರಿನ್ನಿಗೆ ಜಗ್ಗದ ಇಲಿಗಳು 1950ರ ದಶಕ ಮುಗಿಯುವುದರೊಳಗೇ ಕಾಣಿಸಿಕೊಂಡವು. ತೆವಳುವ ಮಕ್ಕಳಿರುವ ಮನೆಯಲ್ಲಿ ವಿಷವಿಡುವುದು ಇಲಿಗೆ ಹೆದರಿ ಮನೆ ಸುಟ್ಟಂತೆಯೇ ಸರಿ. ಮಗು ವಿಷವನ್ನು ಬಾಯಿಗಿಟ್ಟಿತೆಂಬ ಸಂಶಯ ಬಂದರೂ ಸಾಕು, ಲಕ್ಷಣಗಳಿಗೆ ಕಾಯದೆ, ವಿಷದ ಪೊಟ್ಟಣವನ್ನೂ ತೆಗೆದುಕೊಂಡು ಆಸ್ಪತ್ರೆಗೆ ಧಾವಿಸಬೇಕು.

ಹಿಕ್ಕೆಗಳನ್ನು ಒಣ ಪೊರಕೆಯಿಂದ ಗುಡಿಸಿದರೆ ಧೂಳಿನೊಡನೆ ರೋಗಾಣುಗಳೂ ಉಸಿರಿಗೆ ಸೇರಬಹುದು. ಬ್ಲೀಚಿಂಗ್ ಪುಡಿ ಕಲಸಿದ ನೀರನ್ನು ಚಿಮುಕಿಸಿ, ಸ್ವಲ್ಪ ಹೊತ್ತು ಬಿಟ್ಟು, ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಎಸೆದುಬಿಡಬೇಕು. ಇಲಿಗಳು ಹೋದವೇ ಎಂಬುದನ್ನು ತಿಳಿಯಲು ಸುಲಭವಾದ ಉಪಾಯವಿದೆ. ಮಲಗುವ ಮುನ್ನ ಗೋಡೆಯ ಬುಡದಲ್ಲಿ ರಂಗೋಲಿಯ ಪುಡಿಯನ್ನು ತೆಳುವಾಗಿ ಉದುರಿಸಿ, ಬೆಳಿಗ್ಗೆ ಹೆಜ್ಜೆಗುರುತುಗಳಿಗಾಗಿ ನೋಡಬೇಕು. ಒಂದು ವಾರ ಪುಡಿ ಕದಡದೆ ಉಳಿದರೆ ಬೋನುಗಳನ್ನು ತೆಗೆದಿಡಬಹುದು. ಸುಗ್ಗಿ ಮುಗಿದು ಹೊಸ ಧಾನ್ಯ ಮನೆಗೆ ಬಂದ ದಿನಗಳಲ್ಲಿ ಇದೇ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿನೋಡತಕ್ಕದ್ದು.