ಪ್ರಸಂಗ ಕಿವಿಗೆ ಬೀಳುತ್ತಿಲ್ಲವೇ?

ಸಹೋದರಿ, ಹೊಲಿಗೆ ಅಂಗಡಿ ಮುಚ್ಚಿದ ಮೇಲೆ ಆರಾಧನೆಯಲ್ಲಿ ಕೂತರೂ ಮನಸ್ಸು ಬಾಡಿಗೆ ಬಾಕಿಯ ಲೆಕ್ಕ ಹಾಕುತ್ತಿರುತ್ತದೆ ಎಂದು ಬರೆದಿದ್ದೀರಿ. ಅದು ಅವಿಶ್ವಾಸವಲ್ಲ, ದಣಿವು. ನಂಬಿಕೆ ಕಮ್ಮಿಯಾದ್ದಕ್ಕೇ ನಷ್ಟ ಬಂತೆಂದು ಯಾರೋ ಅಂದರಂತೆ. ಆ ಮಾತನ್ನು ಬಾಗಿಲಾಚೆಯೇ ಬಿಡಿ. ಹಬಕ್ಕೂಕನ ಪುಸ್ತಕ ಮೂರೇ ಅಧ್ಯಾಯ, ಇವತ್ತು ರಾತ್ರಿಯೇ ಓದಿ. ಅದು ಶುರುವಾಗುವುದೇ ದೇವರ ಮುಂದಿಟ್ಟ ದೂರಿನಿಂದ. ಕೊನೆಗೆ ಅಂಜೂರದ ಮರ ಚಿಗುರದಿದ್ದರೂ ಪ್ರವಾದಿ ಹಾಡುತ್ತಾನೆ. ಅವನು ಹಾಡುವಾಗ ಕೊಟ್ಟಿಗೆ ಇನ್ನೂ ಖಾಲಿಯೇ.

ಇನ್ನು ಪ್ರಸಂಗದ ವಿಷಯ. ಶನಿವಾರ ನಡುರಾತ್ರಿವರೆಗೆ ಮೊಬೈಲ್ ನೋಡಿ ಬಂದವರನ್ನು ಯಾವ ಬೋಧಕರೂ ಎಚ್ಚರವಾಗಿಡಲಾರರು (ನಾನೂ ಬೋಧಿಸುವವನೇ, ಆಕಳಿಕೆಗಳೆಲ್ಲ ಮೇಲಿಂದ ಚೆನ್ನಾಗಿ ಕಾಣುತ್ತವೆ). ವೇದಭಾಗ ಯಾವುದೆಂದು ಮೊದಲೇ ಕೇಳಿಕೊಂಡು ಒಮ್ಮೆ ಓದಿ ಬನ್ನಿ. ಕೇಳುವಾಗ ತಟ್ಟಿದ ಒಂದೇ ಒಂದು ಸಾಲನ್ನು ಬರೆದುಕೊಳ್ಳಿ, ಸಾಕು. ಒಪ್ಪಿಗೆಯಾಗದಿದ್ದರೆ ಅದನ್ನೂ ಬರೆಯಿರಿ. ಬೆರೋಯದವರು ಪೌಲನ ಮಾತನ್ನೂ ದಿನಾ ಶಾಸ್ತ್ರಕ್ಕೆ ಹೋಲಿಸಿ ನೋಡುತ್ತಿದ್ದರು. ಅಪೊಸ್ತಲರ ಕೃತ್ಯಗಳು 17ರಲ್ಲಿ ಅದಕ್ಕೆ ಮೆಚ್ಚುಗೆಯೇ ಇದೆ.

ಬಾಡಿಗೆ ಬಾಕಿಯ ಮಾತಿಗೆ ಒಬ್ಬರೇ ಹೋಗಬೇಡಿ. ಸಭೆಯ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ.