ಉಸಿರು ಬಿಗಿಹಿಡಿದು ನುಡಿಯುವ ವ್ಯಂಜನಗಳು

ನಮ್ಮ ವರ್ಗೀಯ ವ್ಯಂಜನಗಳಲ್ಲಿ ಅಲ್ಪಪ್ರಾಣ, ಮಹಾಪ್ರಾಣಗಳೆಂಬ ಭೇದವಿರುವುದನ್ನು ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಪ್ರಾಣವೆಂದರೆ ಇಲ್ಲಿ ಉಸಿರು. ‘ಕ’ಕಾರಕ್ಕೆ ಅಲ್ಪವಾದ ಉಸಿರು, ‘ಖ’ಕಾರಕ್ಕೆ ಹೆಚ್ಚಿನ ಉಸಿರು, ಎರಡೂ ಶ್ವಾಸಕೋಶದಿಂದಲೇ ಹೊರಡತಕ್ಕವು. ಆದರೆ ಶ್ವಾಸಕೋಶದ ಉಸಿರನ್ನು ಬಳಸದೆಯೇ ನುಡಿಯುವ ವ್ಯಂಜನಗಳೂ ಲೋಕದ ಭಾಷೆಗಳಲ್ಲಿ ಉಂಟು. ಇವುಗಳಲ್ಲಿ ಒಂದು ಬಗೆಯನ್ನು ಇಂಗ್ಲಿಷಿನಲ್ಲಿ ‘ಇಜೆಕ್ಟಿವ್’ ಎನ್ನುವರು.

ತುಂಬಿದ ಕೊಡವನ್ನೆತ್ತುವಾಗ ನಮ್ಮ ಗಂಟಲು ತಾನಾಗಿಯೇ ಮುಚ್ಚಿಕೊಳ್ಳುವುದಷ್ಟೆ. ಹಾಗೆ ಮುಚ್ಚಿ, ನಾಲಗೆಯನ್ನು ‘ಕ’ಕಾರದ ಸ್ಥಾನಕ್ಕೊತ್ತಿದರೆ ನಡುವೆ ಕೊಂಚ ಗಾಳಿ ಸೆರೆಯಾಗುತ್ತದೆ. ಆಗ ಧ್ವನಿಪೆಟ್ಟಿಗೆಯು ಪಿಚಕಾರಿಯ ದಂಡದಂತೆ ಮೇಲಕ್ಕೇರಿ ಆ ಗಾಳಿಯನ್ನು ಅದುಮುತ್ತದೆ. ನಾಲಗೆ ಸರಿದೊಡನೆ ಅದು ಟಪ್ಪೆಂದು ಸಿಡಿಯುತ್ತದೆ. ಉಸಿರನ್ನು ಬಿಗಿಹಿಡಿದೇ ‘ಕ್’ ಎಂದು ನುಡಿದು ನೋಡಿರಿ. ಸೆರೆಯಾದ ಸ್ಥಳ ಕಿರಿದಾದಷ್ಟೂ ಒತ್ತಡ ಸುಲಭವಾಗಿ ಏರುತ್ತದೆ. ಆದುದರಿಂದಲೇ ಈ ಬಗೆಯ ‘ಕ’ಕಾರವು ಹೆಚ್ಚು ಭಾಷೆಗಳಲ್ಲಿದೆ, ತುಟಿಗಳಲ್ಲಿ ಹುಟ್ಟುವ ‘ಪ’ಕಾರವು ಅಷ್ಟಾಗಿ ಇಲ್ಲ. ಇನ್ನು ‘ಗ’, ‘ಬ’ಗಳಂತಹ ಘೋಷವರ್ಣಗಳಿಗೆ ಸ್ವರತಂತುಗಳು ಕಂಪಿಸಬೇಕು, ಬಿಗಿದು ಮುಚ್ಚಿದ ತಂತುಗಳು ಕಂಪಿಸಲಾರವು.

ಕಾಕಸಸ್ ಪರ್ವತಸೀಮೆಯ ಜಾರ್ಜಿಯನ್ ಭಾಷೆ ಇದಕ್ಕೆ ಉತ್ತಮ ನಿದರ್ಶನ. ಅದರ 33 ಅಕ್ಷರಗಳಲ್ಲಿ ಮಹಾಪ್ರಾಣದ ‘ಕ’ಕಾರಕ್ಕೊಂದು, ಗಂಟಲು ಮುಚ್ಚಿ ನುಡಿಯುವ ‘ಕ’ಕಾರಕ್ಕೊಂದು ಬೇರೆ ಬೇರೆ ಅಕ್ಷರಗಳಿವೆ. ಉಸಿರು ಬಿಟ್ಟು ‘ಖರಿ’ ಎಂದರೆ ಗಾಳಿ. ಬಿಗಿಹಿಡಿದು ‘ಕರಿ’ ಎಂದರೆ ಬಾಗಿಲು. ಬಾಗಿಲನ್ನು ಮುಚ್ಚಿರೆನ್ನಲು ಹೋಗಿ ಗಾಳಿಯನ್ನು ಮುಚ್ಚಿರೆಂದರೆ ಮನೆಯವರು ನಕ್ಕಾರು! ಹಾಗೆಯೇ ‘ಪುರಿ’ ಎಂದರೆ ರೊಟ್ಟಿ, ‘ಫುರಿ’ ಎಂದರೆ ಹಸು. ಇಲ್ಲಿ ಅನುಕೂಲಕ್ಕಾಗಿ ‘ಕ’ ಎಂದು ಬರೆದೆವಾದರೂ ಜಾರ್ಜಿಯನ್ನರ ಬಾಗಿಲಿನ ‘ಕ’ಕಾರವು ನಮ್ಮ ಕಮಲದ ‘ಕ’ಕಾರವಲ್ಲ. ಅದನ್ನು ಬರೆಯಲು ನಮ್ಮ ವರ್ಣಮಾಲೆಯಲ್ಲಿ ಅಕ್ಷರವೇ ಇಲ್ಲ.

ಇಥಿಯೋಪಿಯದ ಅಮ್ಹಾರಿಕ್, ನೈಜೀರಿಯದ ಹೌಸಾ, ಪೆರು ದೇಶದ ಕುಸ್ಕೋ ಸೀಮೆಯ ಕೆಚುವಾ, ಮಧ್ಯ ಅಮೆರಿಕದ ಮಾಯಾ ಭಾಷೆಗಳು, ಉತ್ತರ ಅಮೆರಿಕದ ನವಾಹೋ, ಇವೆಲ್ಲವುಗಳಲ್ಲಿಯೂ ಇಂತಹ ವ್ಯಂಜನಗಳಿವೆ. ಇವುಗಳಲ್ಲಿ ಹಲವು ಎತ್ತರದ ನಾಡಿನ ಭಾಷೆಗಳೆಂಬುದನ್ನು ವಾಚಕರು ಗಮನಿಸಿರಬಹುದು. ಕೇಲಬ್ ಎವರೆಟ್ ಎಂಬ ವಿದ್ವಾಂಸರು 567 ಭಾಷೆಗಳನ್ನು ಪರಿಶೀಲಿಸಿ, ಗಾಳಿಯ ಒತ್ತಡ ಕಡಮೆಯಿರುವ ಎತ್ತರದ ಪ್ರದೇಶಗಳಲ್ಲಿ ಬಾಯೊಳಗಿನ ಗಾಳಿಯನ್ನು ಅದುಮುವುದು ಸುಲಭವಾದುದರಿಂದ ಹೀಗಾಗಿರಬಹುದೆಂದು 2013ರಲ್ಲಿ ವಾದಿಸಿದರು. ವಾದವು ಸೊಗಸಾಗಿದೆ, ಆದರೆ ಎಲ್ಲರೂ ಒಪ್ಪಿದುದಲ್ಲ. ಅಷ್ಟೆತ್ತರದ ಟಿಬೆಟ್ಟಿನ ಭಾಷೆಯಲ್ಲಿ ಈ ವ್ಯಂಜನಗಳಿಲ್ಲ. ಹೌಸಾ ಜನರ ನಾಡೋ, ಅಂತಹ ಎತ್ತರದ್ದೇನೂ ಅಲ್ಲ.