ಸಂಬಳ ತಡವಾದರೆ ಮೊದಲು ತಾರೀಖು ಬರೆದಿಡಿ

ಸಂಬಳ ತಡ ಆಗಿದೆ ಅಂತ ಯಾವ ದಿನದಿಂದ ಹೇಳಬಹುದು? ಕ್ಯಾಂಟೀನಿನಲ್ಲಿ ಈ ಪ್ರಶ್ನೆ ಕೇಳಿ ನೋಡಿ, ಒಬ್ಬೊಬ್ಬರು ಒಂದೊಂದು ಉತ್ತರ ಕೊಡ್ತಾರೆ. ‘ಹದಿನೈದರ ತನಕ ಕಾಯಬೇಕಪ್ಪ’ ಅಂತ ಒಬ್ಬರು. ‘ಸ್ಟಾರ್ಟಪ್ ಅಂದ್ಮೇಲೆ ಹಿಂದೆಮುಂದೆ ಆಗತ್ತೆ’ ಅಂತ ಇನ್ನೊಬ್ಬರು. ಕಾನೂನಿನಲ್ಲಿ ಮಾತ್ರ ಇದಕ್ಕೆ ಖಚಿತವಾದ ಉತ್ತರ ಇದೆ. ಅದನ್ನು ತಿಳಿದುಕೊಳ್ಳದೇ ಇದ್ದರೆ ಮುಂದಿನ ಯಾವ ಹೆಜ್ಜೆಯೂ ಸರಿಯಾಗಿ ಬೀಳಲ್ಲ.

ಆ ಕಾನೂನಿನ ಹೆಸರು ವೇತನ ಸಂಹಿತೆ, 2019. ಪಾಸಾಗಿದ್ದು 2019ರಲ್ಲಿ, ಜಾರಿಗೆ ಬಂದಿದ್ದು 2025ರ ನವೆಂಬರ್ 21ರಂದು. 1936ರ ವೇತನ ಪಾವತಿ ಕಾಯ್ದೆ, 1948ರ ಕನಿಷ್ಠ ವೇತನ ಕಾಯ್ದೆ ಸೇರಿದಂತೆ ನಾಲ್ಕು ಹಳೆಯ ಕಾಯ್ದೆಗಳ ಜಾಗಕ್ಕೆ ಇದು ಬಂದಿದೆ. ಇದರ 17ನೇ ಕಲಮಿನ ಪ್ರಕಾರ ದಿನಗೂಲಿಯನ್ನು ಅವತ್ತಿನ ಪಾಳಿ ಮುಗಿಯುವಾಗಲೇ ಕೊಡಬೇಕು. ವಾರದ ಬಟವಾಡೆ ಆದರೆ ವಾರದ ಕೊನೆಯ ಕೆಲಸದ ದಿನ, ಅಂದರೆ ವಾರದ ರಜೆಗೆ ಮುಂಚೆ. ಹದಿನೈದು ದಿನಕ್ಕೊಮ್ಮೆ ಆದರೆ ಅದು ಮುಗಿದು ಎರಡು ದಿನದೊಳಗೆ. ತಿಂಗಳ ಸಂಬಳ ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಬರಬೇಕು. 8ನೇ ತಾರೀಖಿಗೆ ತಡ ಆಯ್ತು ಅಂತಲೇ ಲೆಕ್ಕ.

ಕೆಲಸ ಬಿಟ್ಟರೆ ಅಥವಾ ಬಿಡಿಸಿದರೆ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ಶನಿವಾರ, ಭಾನುವಾರ ರಜೆ ಇರುವ ಕಡೆ ಶುಕ್ರವಾರ ಬಿಟ್ಟರೆ ಮಂಗಳವಾರದೊಳಗೆ. ‘ಫುಲ್ ಅಂಡ್ ಫೈನಲ್ ಆಗೋಕೆ 45 ದಿನ ಬೇಕು’ ಅನ್ನೋ ಮಾತನ್ನು ನಮ್ಮ ಸೀನಿಯರ್‌ಗಳು ದೇವರ ವಾಕ್ಯದ ಹಾಗೆ ಒಪ್ಪಿಕೊಂಡಿದ್ದಾರೆ. ವೇತನದ ಮಟ್ಟಿಗೆ ಅದು ಕಂಪನಿಯ ರೂಢಿ ಅಷ್ಟೇ, ಕಾನೂನಲ್ಲ.

ಹಳೆಯ ವೇತನ ಪಾವತಿ ಕಾಯ್ದೆಯಲ್ಲಿ ತಿಂಗಳಿಗೆ ₹24,000 ಅನ್ನೋ ಮಿತಿ ಇತ್ತು, ಅದಕ್ಕಿಂತ ಹೆಚ್ಚು ಪಡೆಯುವವರು ಅದರ ಹೊರಗೆ. ಹೊಸ ಸಂಹಿತೆಯಲ್ಲಿ ಈ ಮಿತಿ ಇಲ್ಲ. ಗಾರೆ ಕೆಲಸದವರಿಂದ ಸಾಫ್ಟ್‌ವೇರ್ ಮ್ಯಾನೇಜರ್ ತನಕ ಎಲ್ಲರೂ ನೌಕರರೇ. ಅಪ್ರೆಂಟಿಸ್ ಕಾಯ್ದೆ, 1961ರ ಅಡಿ ಸೇರಿಕೊಂಡವರು ಮಾತ್ರ ಇದರಲ್ಲಿ ಬರಲ್ಲ, ಅವರ ತಕರಾರು ಅಪ್ರೆಂಟಿಸ್‌ಶಿಪ್ ಸಲಹಾಧಿಕಾರಿಯ ಮುಂದೆ ಹೋಗತ್ತೆ. ಇಂಟರ್ನ್‌ಗಳದ್ದು ಇಕ್ಕಟ್ಟಿನ ಸ್ಥಿತಿ. ಹೆಸರಿಗೆ ಇಂಟರ್ನ್, ಮಾಡಿಸೋದು ಪೂರ್ತಿ ನೌಕರನ ಕೆಲಸ ಅಂತಿದ್ದರೆ ವಾದಿಸೋಕೆ ದಾರಿ ಇದೆ. ಆದರೆ ಸ್ಟೈಪೆಂಡ್ ಎಷ್ಟು, ಯಾವ ತಾರೀಖಿಗೆ ಅನ್ನೋದು ಬರವಣಿಗೆಯಲ್ಲಿ ಇಲ್ಲದೇ ಹೋದರೆ ಆ ದಾರಿ ತುಂಬಾ ಉದ್ದ.

ಬರವಣಿಗೆ ಅಂದಾಗ ಕೋಲಾರದ ನರಸಾಪುರ ನೆನಪಾಗಬೇಕು. 2020ರ ಡಿಸೆಂಬರ್ 12ರ ಬೆಳಗ್ಗೆ ಅಲ್ಲಿನ ವಿಸ್ಟ್ರಾನ್ ಕಾರ್ಖಾನೆಯಲ್ಲಿ, ಐಫೋನ್ ಜೋಡಿಸುವ ಜಾಗದಲ್ಲಿ, ಪಾಳಿ ಬದಲಾಗುವ ಹೊತ್ತಿಗೆ ಗಲಾಟೆ ಎದ್ದು ಗಾಜು, ಯಂತ್ರ, ವಾಹನ ಎಲ್ಲಾ ಒಡೆದುಹೋದವು. ಕೆಲಸಗಾರರಲ್ಲಿ ಹೆಚ್ಚಿನವರು ಬೇರೆಬೇರೆ ಗುತ್ತಿಗೆ ಏಜೆನ್ಸಿಗಳ ಮೂಲಕ ಬಂದವರು. ಎಂಜಿನಿಯರಿಂಗ್ ಪದವೀಧರರಿಗೆ ₹21,000 ಅಂತ ಹೇಳಿ, ಕೈಗೆ ಬಂದಿದ್ದು ಮೊದಲು ₹16,000, ಆಮೇಲೆ ₹12,000 ಅಂತ ಕಾರ್ಮಿಕರು ಆಗ ಪತ್ರಿಕೆಗಳಿಗೆ ಹೇಳಿದ್ದರು. ಕಾರ್ಖಾನೆಗಳ ಇಲಾಖೆ ಹೋಗಿ ನೋಡಿದಾಗ ಕಂಡಿದ್ದು ಇದು: ಕೆಲವೇ ತಿಂಗಳಲ್ಲಿ ಜನರ ಸಂಖ್ಯೆ ಹತ್ತು ಸಾವಿರ ದಾಟಿತ್ತು, ಪಾಳಿ 8 ಗಂಟೆಯಿಂದ 12 ಗಂಟೆಗೆ ಏರಿತ್ತು, ಹಾಜರಿ ದಾಖಲಿಸುವ ಎಲೆಕ್ಟ್ರಾನಿಕ್ ವ್ಯವಸ್ಥೆ ಸರಿಯಾಗಿ ನಡೀತಿರಲಿಲ್ಲ. ದುಡಿದ ಗಂಟೆಗಳು ಸಿಸ್ಟಮ್‌ನಲ್ಲಿ ಸರಿಯಾಗಿ ಬರದೇ ಹೋದರೆ ಸಂಬಳ ಹೇಗೆ ಸರಿ ಬರತ್ತೆ? ಕಂಪನಿ ಕೊನೆಗೆ ತಪ್ಪೊಪ್ಪಿ ಕ್ಷಮೆ ಕೇಳಿತು, ಭಾರತದ ವ್ಯವಹಾರ ನೋಡಿಕೊಳ್ಳುತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು. ಆಪಲ್ ಕೂಡ ಸರಿಪಡಿಸುವ ತನಕ ಹೊಸ ಆರ್ಡರ್ ಇಲ್ಲ ಅಂತು. ಅಷ್ಟರಲ್ಲಿ ನೂರಕ್ಕೂ ಹೆಚ್ಚು ಹುಡುಗರು ಬಂಧನಕ್ಕೆ ಒಳಗಾಗಿದ್ದರು. ಸಂಬಳದ ವಿಷಯದಲ್ಲಿ ನ್ಯಾಯ ಅವರ ಕಡೆಗೇ ಇತ್ತು, ಕೇಸು ಬಿದ್ದಿದ್ದೂ ಅವರ ಮೇಲೇ.

ಹಾಗಾಗಿ ಸ್ವಂತ ದಾಖಲೆ ಇರಲಿ. ಆಫರ್ ಲೆಟರ್, ಐಡಿ ಕಾರ್ಡಿನ ಫೋಟೊ, ಪೇ ಸ್ಲಿಪ್, ಬ್ಯಾಂಕ್ ಸ್ಟೇಟ್‌ಮೆಂಟ್, ದಿನಾ ಒಳಗೆ ಹೋದ ಮತ್ತು ಹೊರಗೆ ಬಂದ ಹೊತ್ತು. ಇವನ್ನು ಕಂಪನಿಯ ಲ್ಯಾಪ್‌ಟಾಪಿನಲ್ಲಿ ಇಡಬೇಡಿ. ಕೆಲಸ ಹೋದ ದಿನ ಲಾಗಿನ್ನೂ ಹೋಗತ್ತೆ.

ಈ ಲೇಖನ ಓದುವವರಲ್ಲಿ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯವರು ಸಾಕಷ್ಟು ಜನ ಇದ್ದೀರಿ. ನಿಮ್ಮ ಮನೆಗಳಲ್ಲಿ ಸಂಬಳ ಅನ್ನೋ ಪದಕ್ಕಿಂತ ಕೂಲಿ ಅನ್ನೋದೇ ಹೆಚ್ಚು ಬಳಕೆ. ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಸೀಮೆಯನ್ನೇ ತಗೊಳ್ಳಿ. ಸೊಪ್ಪು ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್‌ಗೆ ಏರಿಸಿ, ಆಮೇಲೆ ಗ್ರೇಡ್ ಮಾಡುವ ತನಕ ಎಲ್ಲಾ ಕೈಕೆಲಸ. ಹಣ ಬರೋದು ಕಟ್ಟೆಮಳಲವಾಡಿಯಲ್ಲೋ, ಚಿಲ್ಕುಂದದಲ್ಲೋ, ಕಂಪಲಾಪುರದಲ್ಲೋ ತಂಬಾಕು ಮಂಡಳಿಯ ಹರಾಜಿನಲ್ಲಿ ಬೇಲು ಮಾರಾಟ ಆದಮೇಲೆ. ‘ಹರಾಜಾಗ್ಲಿ ಕಣವ್ವ, ಕೊಡ್ತೀನಿ’ ಅಂತ ರೈತ ಹೇಳೋದರಲ್ಲಿ ಸುಳ್ಳಿಲ್ಲ, ಅವನ ಕೈಯಲ್ಲೂ ಆಗ ಕಾಸಿರಲ್ಲ. ಆದರೆ ಬೆಲೆ ಬೀಳೋದು, ಹರಾಜು ಮುಂದೆ ಹೋಗೋದು ಇವೆಲ್ಲ ವ್ಯವಹಾರ ಮಾಡುವವರ ಹೊಣೆ. ಸೊಪ್ಪು ಕಟ್ಟಿದವಳ ಮೇಲೆ ಅದನ್ನು ಹೊರಿಸೋಕೆ ಬರಲ್ಲ.

ಅದೇ ಊರಿನ ರೈತನ ಮೇಲೆ ಅರ್ಜಿ ಹಾಕ್ತಾರಾ ಅಂದರೆ, ಇಲ್ಲ. ನಾಳೆ ಮತ್ತೆ ಅದೇ ಹೊಲಕ್ಕೆ ಹೋಗಬೇಕು. ಇಲ್ಲಿ ನನಗೆ ತೋಚುವ ದಾರಿ ಒಂದೇ, 40 ಪುಟದ ಒಂದು ನೋಟ್‌ಬುಕ್. ದಿನ, ಕೆಲಸ, ಕೂಲಿ, ಕೊಟ್ಟಿದ್ದು, ಬಾಕಿ ಅಂತ ಐದು ಕಾಲಂ ಹಾಕಿ. ವಾರಕ್ಕೊಮ್ಮೆ ಮೇಸ್ತ್ರಿಯ ಹತ್ತಿರ, ‘ಅಣ್ಣ, ಲೆಕ್ಕ ಒಂದ್ಸಲ ನೋಡ್ಬಿಟ್ಟು ಸೈನ್ ಹಾಕು, ಆಮೇಲೆ ನಿನಗೂ ಮರೆಯಲ್ಲ ನಮಗೂ ಮರೆಯಲ್ಲ’ ಅಂತ ಕೇಳೋದು ಜಗಳ ಅಲ್ಲ. ಅಮ್ಮನಿಗೆ ಓದು ಬರೆಹ ಬರದಿದ್ದರೆ ವಾರಾಂತ್ಯಕ್ಕೆ ಊರಿಗೆ ಹೋದಾಗ ನೀವೇ ಬರೆದುಕೊಡಿ.

ಮುಂಗಡದ ಕಥೆ ಬೇರೆ. ಎಚ್.ಡಿ. ಕೋಟೆ, ಹುಣಸೂರು, ಪಿರಿಯಾಪಟ್ಟಣದ ಹಾಡಿಗಳಿಂದ ಜೇನುಕುರುಬರು, ಕಾಡುಕುರುಬರು, ಯರವರು ಕೊಡಗಿನ ಕಾಫಿ ತೋಟಗಳಿಗೆ ಕೆಲಸಕ್ಕೆ ಹೋಗೋದು ಹಳೆಯ ರೂಢಿ. ಕೊಟ್ಟ ಮುಂಗಡವನ್ನು ಕೂಲಿಯಲ್ಲಿ ಹಿಡಿದುಕೊಳ್ಳಲು ಕಾನೂನು ಬಿಡತ್ತೆ. ಆದರೆ ಎಲ್ಲಾ ಕಡಿತ ಸೇರಿ ವೇತನದ ಅರ್ಧ ದಾಟುವ ಹಾಗಿಲ್ಲ. ‘ಮುಂಗಡ ತೀರೋ ತನಕ ಹೋಗೋ ಹಾಗಿಲ್ಲ’ ಅಂತ ತಡೆದರೆ ಅದು ಬರೀ ಕೂಲಿ ತಡವಲ್ಲ, 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯ ವಿಷಯ. ಆಗ ಹೋಗಬೇಕಾಗಿದ್ದು ಜಿಲ್ಲಾಧಿಕಾರಿ ಅಥವಾ ಉಪವಿಭಾಗಾಧಿಕಾರಿಯ ಹತ್ತಿರ. ಈ ನಾಲ್ಕೂ ತಾಲ್ಲೂಕುಗಳಿಗೆ ಉಪವಿಭಾಗಾಧಿಕಾರಿಯ ಕಚೇರಿ ಹುಣಸೂರಿನಲ್ಲೇ ಇದೆ.

ಇನ್ನು ಕೇಳುವ ರೀತಿ. ‘ಸರ್, ಸ್ಯಾಲರಿ ಯಾವಾಗ?’ ಅಂತ ಕೇಳಿದರೆ ‘ನೋಡೋಣ’ ಅನ್ನೋ ಉತ್ತರ ಬರತ್ತೆ. ಪ್ರಶ್ನೆಯಲ್ಲೇ ತಾರೀಖು, ಮೊತ್ತ, ಹಾಜರಿ ಇರಬೇಕು. ಮೇಲ್ ಆದರೆ ಒಳ್ಳೇದು, ವಾಟ್ಸಾಪ್ ಆದರೂ ಸರಿ:

‘ನಮಸ್ಕಾರ ಸರ್. ನನ್ನ ಮೇ ತಿಂಗಳ ಸಂಬಳ ₹22,000 ಜೂನ್ 7ರೊಳಗೆ ಬರಬೇಕಿತ್ತು. ಇವತ್ತು ಜೂನ್ 11, ಇನ್ನೂ ಖಾತೆಗೆ ಬಂದಿಲ್ಲ. ಮೇ ತಿಂಗಳ ಹಾಜರಿಯ ಪ್ರತಿ ಜೊತೆಗಿದೆ. ಹಣ ಯಾವ ಹಂತದಲ್ಲಿ ನಿಂತಿದೆ, ಯಾವ ತಾರೀಖಿಗೆ ಬರುತ್ತದೆ ಎಂದು ದಯವಿಟ್ಟು ಇದಕ್ಕೇ ಉತ್ತರಿಸಿ.’

‘ಯಾವ ಹಂತದಲ್ಲಿ’ ಅನ್ನೋ ಎರಡು ಪದ ಬಿಡಬೇಡಿ. ಹಾಜರಿ ಅಪ್ರೂವ್ ಆಗಿಲ್ಲವೋ, ಏಜೆನ್ಸಿ ಬಿಲ್ ಹಾಕಿಲ್ಲವೋ, ಬಿಲ್ ಹೋಗಿ ಕಂಪನಿ ದುಡ್ಡು ಬಿಟ್ಟಿಲ್ಲವೋ, ಖಾತೆ ನಂಬರೇ ತಪ್ಪಿದೆಯೋ? ಎಷ್ಟೋ ಸಲ ಕೊನೆಯದೇ ಆಗಿರತ್ತೆ, ಐದು ನಿಮಿಷದಲ್ಲಿ ಬಗೆಹರಿಯತ್ತೆ. ಉತ್ತರ ಫೋನಿನಲ್ಲಿ ಬಂದರೆ ಫೋನ್ ಇಟ್ಟ ಕೂಡಲೇ ‘ಸರ್, ಈಗ ಹೇಳಿದ ಹಾಗೆ 18ನೇ ತಾರೀಖಿಗೆ ಹಾಕ್ತೀರಿ, ಸರಿ ತಾನೆ?’ ಅಂತ ಒಂದು ಮೆಸೇಜು ಕಳಿಸಿ. ಅರ್ಧ ದುಡ್ಡು ಕೊಟ್ಟು ಸಹಿ ಕೇಳಿದರೆ ‘ಭಾಗಶಃ ಪಾವತಿ, ಬಾಕಿ ಇಷ್ಟು’ ಅಂತ ಬರೆದೇ ಸಹಿ ಹಾಕಿ. ಒಂದೇ ಕಡೆ ಐದಾರು ಜನರಿಗೆ ಬಾಕಿ ಇದ್ದರೆ ಒಬ್ಬರೇ ಕೇಳೋದಕ್ಕಿಂತ ಎಲ್ಲರ ಹೆಸರಿನಲ್ಲಿ ಒಂದು ಪತ್ರ ಮೇಲು. ಒಬ್ಬನನ್ನು ‘ಇವನೇ ತರಲೆ’ ಅಂತ ಗುರುತಿಟ್ಟುಕೊಳ್ಳೋದು ತಪ್ಪತ್ತೆ.

‘ನಾವಲ್ಲ, ಗುತ್ತಿಗೆದಾರರನ್ನ ಕೇಳಿ’ ಅನ್ನೋದು ಇನ್ನೊಂದು ಪರಿಚಿತ ಉತ್ತರ. ಸಂಹಿತೆಯ 43ನೇ ಕಲಮಿನ ಪ್ರಕಾರ ವೇತನ ಕೊಡಬೇಕಾದವರು ಕೊಡದೇ ಇದ್ದರೆ ಆ ಸಂಸ್ಥೆಯ ಮಾಲೀಕರು ಹೊಣೆ. ಇದನ್ನು ಸಭ್ಯವಾಗಿ ನೆನಪಿಸಬಹುದು.

ಇಷ್ಟಾದರೂ ಹಣ ಬರದಿದ್ದರೆ ಕಾರ್ಮಿಕ ಇಲಾಖೆ. ಕೆಲಸ ಮಾಡುವ ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರ ಕಚೇರಿಗೆ ಎರಡು ಪ್ರತಿ ಅರ್ಜಿ ತಗೊಂಡು ಹೋಗಿ, ಒಂದಕ್ಕೆ ಮೊಹರು ಹಾಕಿಸಿಕೊಂಡು ಬನ್ನಿ. ಎಷ್ಟೋ ಪ್ರಕರಣ ಅಲ್ಲಿಂದ ಹೋಗುವ ಒಂದು ನೋಟಿಸಿನಲ್ಲೇ ಮುಗಿಯುತ್ತವೆ. ಮುಗಿಯದೇ ಇದ್ದರೆ 45ನೇ ಕಲಮಿನ ಅಡಿ ಪ್ರಾಧಿಕಾರದ ಮುಂದೆ ಕ್ಲೇಮ್ ಹಾಕಬಹುದು. ನೀವೇ ಹಾಕಬಹುದು, ನೋಂದಾಯಿತ ಸಂಘ ಹಾಕಬಹುದು, ನಿರೀಕ್ಷಕರೂ ಹಾಕಬಹುದು. ಮೊದಲು ವರ್ಷದೊಳಗೆ ಹಾಕಬೇಕಿತ್ತು, ಈಗ ಮೂರು ವರ್ಷದ ಅವಕಾಶ ಇದೆ. ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸಲು ಪ್ರಾಧಿಕಾರಕ್ಕೆ ಅಧಿಕಾರ ಇದೆ. ಹತ್ತು ಪಟ್ಟು ಅನ್ನೋದು ಮೇಲ್ಮಿತಿ, ಸಿಕ್ಕೇ ಸಿಗತ್ತೆ ಅಂತಲ್ಲ. ಆದೇಶ ಆದಮೇಲೂ ಕೊಡದಿದ್ದರೆ ಭೂ ಕಂದಾಯದ ಬಾಕಿಯ ಹಾಗೆ ವಸೂಲಿ ಮಾಡಬಹುದು. ಎಲ್ಲಕ್ಕಿಂತ ದೊಡ್ಡ ವಿಷಯ 59ನೇ ಕಲಂ: ವೇತನ ಕೊಟ್ಟಿದ್ದೇನೆ ಅಂತ ಸಾಬೀತು ಮಾಡಬೇಕಾದವರು ಮಾಲೀಕರು, ಕೊಟ್ಟಿಲ್ಲ ಅಂತ ನೀವಲ್ಲ. ಆದರೆ ಅಲ್ಲಿ ಕೆಲಸ ಮಾಡಿದ್ದೆ ಅನ್ನೋದನ್ನು ನೀವು ತೋರಿಸಬೇಕು. ಐಡಿ ಕಾರ್ಡು, ನೋಟ್‌ಬುಕ್ಕು ಬೇಕಾಗೋದು ಅದಕ್ಕೇ. ವಕೀಲರಿಗೆ ಕೊಡೋಕೆ ದುಡ್ಡಿಲ್ಲ ಅಂದರೆ 15100ಕ್ಕೆ ಕರೆ ಮಾಡಿ, ಅಥವಾ ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ನೋಡದೆ ಉಚಿತ ನೆರವು ಸಿಗತ್ತೆ.

ಇಷ್ಟು ಹೊತ್ತು ನಾವು ಹಣ ಪಡೆಯುವವರ ಕಡೆ ನಿಂತು ನೋಡಿದ್ವಿ. ಸಿವಿಲ್‌ನವರು ಇನ್ನೊಂದು ಕಡೆಯಿಂದಲೂ ನೋಡಬೇಕು, ಯಾಕೆಂದರೆ ಕೂಲಿ ತಡ ಆಗುವ ಹಂತಗಳಲ್ಲಿ ಒಂದು ನಿಮ್ಮ ಪೆನ್ನು. ನರೇಗಾ ನಡೆದ ರೀತಿ ನೋಡಿ. ಹಾಜರಿ ಎನ್‌ಎಂಆರ್‌ನಲ್ಲಿ ಬೀಳಬೇಕು. 2023ರ ಜನವರಿಯಿಂದ ದಿನಕ್ಕೆ ಎರಡು ಸಲ ಆ್ಯಪ್‌ನಲ್ಲಿ ಫೋಟೊ ಕೂಡ ಕಡ್ಡಾಯ ಆಯ್ತು. ಕಾಡಂಚಿನ ಹಾಡಿಗಳ ಕಡೆ ನೆಟ್‌ವರ್ಕ್ ಹೇಗಿರತ್ತೆ ಅಂತ ಕೋಟೆಯವರಿಗೆ ಹೇಳಬೇಕಾಗಿಲ್ಲ. ಆಮೇಲೆ ಎಂಜಿನಿಯರ್ ಬಂದು ಗುಂಡಿಯ ಉದ್ದ, ಅಗಲ, ಆಳ ಅಳೆದು ಎಂ.ಬಿ. ಪುಸ್ತಕದಲ್ಲಿ ಬರೆಯಬೇಕು. ಅಳತೆ ಆಗದೇ ಬಿಲ್ ಇಲ್ಲ, ಬಿಲ್ ಇಲ್ಲದೇ ಕೂಲಿ ಇಲ್ಲ. ಎನ್‌ಎಂಆರ್ ಮುಗಿದು 15 ದಿನದಲ್ಲಿ ಕೂಲಿ ಬರಬೇಕು, 16ನೇ ದಿನದಿಂದ ದಿನಕ್ಕೆ ಶೇ 0.05ರಷ್ಟು ಪರಿಹಾರ ಅಂತ ನಿಯಮ. ಕೇಂದ್ರ ಹಣ ಬಿಡುವಲ್ಲಿ ಆಗುವ ತಡವನ್ನೂ ಇದರ ಲೆಕ್ಕಕ್ಕೆ ಸೇರಿಸಬೇಕು ಅಂತ 2018ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಈ ಯೋಜನೆಯ ಜಾಗಕ್ಕೆ 2025ರ ಡಿಸೆಂಬರ್‌ನಲ್ಲಿ ಸಂಸತ್ತು ಹೊಸ ಕಾಯ್ದೆ ತಂದಿದೆ. ಹೆಸರು ಬದಲಾದರೂ ಯಾವುದೇ ಸರ್ಕಾರಿ ಕಾಮಗಾರಿಯಲ್ಲಿ ಅಳತೆ ಪುಸ್ತಕ ಇದ್ದೇ ಇರತ್ತೆ.

ಲೆಕ್ಕ ಹಾಕಿ ನೋಡಿ. 2025–26ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ ₹370. ಹನ್ನೆರಡು ದಿನ ಮಾಡಿದವಳಿಗೆ ₹4,440. ಶೇ 0.05 ಅಂದರೆ ದಿನಕ್ಕೆ ₹2.22, ಮೂವತ್ತು ದಿನ ತಡವಾದರೆ ₹66.60. ಮೈಸೂರಿಗೆ ಒಂದು ಸಲ ಹೋಗಿ ಬರೋ ಬಸ್ ಚಾರ್ಜಿಗೂ ಸಾಲದ ಹಣ. ಆದರೆ ಅಳತೆಗೆ ಹೋಗಬೇಕಾದವರು ಹೋಗದೇ ತಡ ಆಗಿದ್ದರೆ, ಆ ₹66.60ನ್ನು ಅವರಿಂದಲೇ ವಸೂಲಿ ಮಾಡಲು ಅವಕಾಶ ಇತ್ತು. ಎಂ.ಬಿ. ಪುಸ್ತಕದಲ್ಲಿ ಸಹಿಯ ಕೆಳಗೆ ತಾರೀಖು ಹಾಕಿಸೋದು ಯಾಕೆ ಅಂತ ಸರ್ವೆ ಲ್ಯಾಬಿನಲ್ಲಿ ಯಾರೂ ಹೇಳಿಕೊಡಲ್ಲ.